ಒಂದೇ ಸೀನು, ಬೇರೆ ಬೇರೆ ದಾರಿ: ಕುಂತಿ-ಕರ್ಣರ ಭೇಟಿಯ ತಾಲೀಮು

ನಾಟಕದ ಒಂದು ಸೀನು ಕೈಗೆ ಬಂದಾಗ ಮೊದಲು ಏನು ಮಾಡಬೇಕು? ಮಾತು ಬಾಯಿಪಾಠ ಮಾಡಬೇಕಾ, ಕೂತು ಚರ್ಚೆ ಮಾಡಬೇಕಾ, ಎದ್ದು ಆಡಿಯೇ ನೋಡಬೇಕಾ? ಶಿವಮೊಗ್ಗದ ನಮ್ಮ ಹವ್ಯಾಸಿ ತಂಡದಲ್ಲಿ ಈ ಜಗಳ ಮುಗಿಯುತ್ತಲೇ ಇರಲಿಲ್ಲ. ಹಾಗಾಗಿ ಈ ಮಳೆಗಾಲ ಒಂದೇ ಸೀನನ್ನು ಬೇರೆ ಬೇರೆ ಪದ್ಧತಿಯಲ್ಲಿ ಮಾಡಿ ನೋಡಿದೆವು. ಕುಂತಿ ನಾನು. ಆದ್ದರಿಂದ ಇಲ್ಲಿರುವುದೆಲ್ಲ ಕುಂತಿ ನಿಂತ ಜಾಗದಿಂದ ಕಂಡದ್ದು.

ಕಥೆ ಎಲ್ಲರಿಗೂ ಗೊತ್ತು. ಯುದ್ಧಕ್ಕೆ ಮುಂಚೆ ಕುಂತಿ ಗಂಗೆಯ ದಂಡೆಗೆ ಬಂದು ಕರ್ಣನಿಗೆ ಹುಟ್ಟಿನ ಗುಟ್ಟು ಹೇಳುತ್ತಾಳೆ. ತಮ್ಮಂದಿರ ಕಡೆ ಬಾ ಅನ್ನುತ್ತಾಳೆ. ಅವನು ಬರುವುದಿಲ್ಲ. ಅರ್ಜುನನೊಬ್ಬನನ್ನು ಬಿಟ್ಟು ಉಳಿದ ನಾಲ್ವರನ್ನು ಕೊಲ್ಲುವುದಿಲ್ಲ, ಏನೇ ಆದರೂ ನಿನಗೆ ಐದು ಮಕ್ಕಳು ಉಳಿಯುತ್ತಾರೆ ಅಂತ ಮಾತು ಕೊಟ್ಟು ಕಳಿಸುತ್ತಾನೆ. ಎರಡೇ ಪಾತ್ರ, ಸೆಟ್ಟಿನ ಗೊಡವೆ ಇಲ್ಲ. ಆದರೆ ಸೀನು ಸುಲಭದ್ದಲ್ಲ. ಕುಂತಿ ಮಾಡುವವರು ಸಾಮಾನ್ಯವಾಗಿ ಮೊದಲ ಮಾತಿಗೇ ಅಳಲು ಶುರು ಮಾಡುತ್ತಾರೆ. ಅಲ್ಲಿಂದ ಮುಂದೆ ಹೋಗಲು ಜಾಗವೇ ಉಳಿಯುವುದಿಲ್ಲ. ಯಾವ ಪದ್ಧತಿ ಈ ಅಳುವನ್ನು ತಡೆಯುತ್ತದೆ ಅನ್ನುವುದೇ ನನ್ನ ಮಟ್ಟಿಗೆ ಪರೀಕ್ಷೆ.

ಶುರು ಮಾಡಿದ್ದು ಹಳೆಯ ದಾರಿಯಲ್ಲೇ, ಎಲ್ಲರೂ ಸುತ್ತ ಕೂತು ಓದುವುದು. ಮಾಸ್ಕೋದ ರಂಗನಿರ್ದೇಶಕ ಸ್ತಾನಿಸ್ಲಾವ್‌ಸ್ಕಿಯ ಹೆಸರಲ್ಲಿ ನಮ್ಮ ಕಡೆ ಹೆಚ್ಚಾಗಿ ನಡೆಯುವುದು ಇದೇ. ಪಾತ್ರ ಯಾರು, ಎಲ್ಲಿದೆ, ಈಗಷ್ಟೇ ಏನಾಗಿ ಬಂತು, ಏನು ಬೇಕು, ಏನು ಅಡ್ಡ ಬರುತ್ತಿದೆ ಅಂತ ಕೇಳಿಕೊಂಡು, ಸೀನನ್ನು ತುಂಡು ತುಂಡು ಮಾಡಿ, ಪ್ರತಿ ತುಂಡಿಗೂ ಒಂದು ಗುರಿ ಬರೆದುಕೊಳ್ಳುವುದು. ಇದರಿಂದ ಲಾಭ ಆಗಲಿಲ್ಲ ಅಂತಲ್ಲ. ವ್ಯಾಸರ ಭಾರತದ ಉದ್ಯೋಗಪರ್ವ ತೆಗೆದು ನೋಡಿದಾಗ ನಮ್ಮ ಸ್ಕ್ರಿಪ್ಟಿನಲ್ಲಿ ಇಲ್ಲದ ವಿಷಯ ಸಿಕ್ಕಿತು. ಕರ್ಣ ಪೂರ್ವಕ್ಕೆ ಮುಖ ಮಾಡಿ, ಕೈ ಮೇಲೆತ್ತಿ ಜಪ ಮಾಡುತ್ತಿರುತ್ತಾನೆ. ಬಿಸಿಲು ತಿರುಗಿ ಬೆನ್ನು ಸುಡುವ ತನಕ ನಿಲ್ಲಿಸುವುದಿಲ್ಲ. ಕುಂತಿ ಅಷ್ಟು ಹೊತ್ತೂ ಅವನ ಹಿಂದೆ, ಅವನ ಉತ್ತರೀಯದ ನೆರಳಲ್ಲಿ ಕಾಯುತ್ತಾಳೆ. ಹುಟ್ಟಿದಾಗಲೇ ಬಿಟ್ಟ ಮಗನ ಬಟ್ಟೆಯ ನೆರಳು!

ಆದರೆ ಚರ್ಚೆ ಅಲ್ಲಿಗೆ ನಿಲ್ಲಲಿಲ್ಲ. ಕುಂತಿಯದು ಸ್ವಾರ್ಥವಾ, ಪಶ್ಚಾತ್ತಾಪವಾ, ಕೃಷ್ಣನ ರಾಜಕೀಯವಾ ಅಂತ ಶುರುವಾಗಿ, ಚಹಾ ಮುಗಿದು, ಕಡೇ ಬಸ್ಸಿನ ಹೊತ್ತಾಯಿತು. ಎದ್ದು ನಿಂತಾಗ ನನ್ನ ತಲೆ ತುಂಬ ಕುಂತಿ ಇದ್ದಳು, ಕೈಕಾಲಿಗೆ ಏನೂ ಬಂದಿರಲಿಲ್ಲ. ಮೊದಲ ಮಾತಿಗೇ ಅಳು ಬಂತು. ಅಷ್ಟು ಹೊತ್ತು ದುಃಖದ ಬಗ್ಗೆ ಮಾತಾಡಿದರೆ ಇನ್ನೇನಾಗುತ್ತದೆ?

ಆಮೇಲೆ ಹಿಡಿದದ್ದು ಪ್ರಾಕ್ಟಿಕಲ್ ಈಸ್ಥೆಟಿಕ್ಸ್. ಅಮೆರಿಕದ ನಾಟಕಕಾರ ಡೇವಿಡ್ ಮ್ಯಾಮೆಟ್, ನಟ ವಿಲಿಯಂ ಎಚ್. ಮೇಸಿ ಮತ್ತು ಅವರ ವಿದ್ಯಾರ್ಥಿಗಳು 1980ರ ದಶಕದಲ್ಲಿ ಕಟ್ಟಿದ ಪದ್ಧತಿ. ಅವರೇ 1985ರಲ್ಲಿ ಅಟ್ಲಾಂಟಿಕ್ ಥಿಯೇಟರ್ ಕಂಪನಿ ಶುರು ಮಾಡಿದರು. ಪಾತ್ರಕ್ಕೆ ಏನನ್ನಿಸುತ್ತದೆ ಅನ್ನುವ ತಲೆಬಿಸಿ ನಟರಿಗೆ ಬೇಡ, ನೀವು ಮಾಡಬೇಕಾದ ಕೆಲಸ ಏನು ಅಂತ ಮಾತ್ರ ಕಂಡುಕೊಳ್ಳಿ ಅನ್ನುವುದು ಇದರ ಹಟ. ಅದಕ್ಕೆ ನಾಲ್ಕು ಪ್ರಶ್ನೆ. ಒಂದು ಚೀಟಿಯಲ್ಲಿ ಹಿಡಿಯುತ್ತದೆ.

ನನ್ನ ಚೀಟಿ ಹೀಗಿತ್ತು. ಸೀನಿನಲ್ಲಿ ಕುಂತಿ ಕಣ್ಣಿಗೆ ಕಾಣುವಂತೆ ಏನು ಮಾಡುತ್ತಿದ್ದಾಳೆ? ಕರ್ಣನಿಗೆ ನಿಜ ಹೇಳಿ ಪಾಂಡವರ ಕಡೆ ಕರೆಯುತ್ತಿದ್ದಾಳೆ. ಕರ್ಣ ಏನು ಮಾಡಬೇಕು ಅಂತ ಅವಳ ಆಸೆ? ತಾಯಿ ಅಂತ ಒಪ್ಪಿ ಜೊತೆಗೆ ಹೊರಡಬೇಕು. ಕಥೆ, ಹೆಸರು, ಕಾಲ ಎಲ್ಲ ತೆಗೆದುಹಾಕಿದರೆ ನಾನು ಮಾಡುವ ಕೆಲಸ ಏನು? ಇಲ್ಲೇ ಜಾಸ್ತಿ ಹೊತ್ತು ಹೋಯಿತು. ಮೊದಲು ‘ಬೇಡಿಕೊಳ್ಳುವುದು’ ಅಂತ ಬರೆದೆ. ಆಡಿ ನೋಡಿದರೆ ಮತ್ತೆ ಅದೇ ಅಳು. ಹೊಡೆದುಹಾಕಿ ‘ದೂರ ಮಾಡಿದವರನ್ನು ಮನೆಯೊಳಗೆ ಕರೆದುಕೊಳ್ಳುವುದು’ ಅಂತ ಬರೆದೆ. ಕೂಡಲೇ ನಾನು ಕರ್ಣನ ಮುಖ ನೋಡಲು ಶುರು ಮಾಡಿದೆ. ಬೇಡುವಾಗ ನನ್ನ ದುಃಖ ನನಗೆ ಸಾಕು. ಕರೆದುಕೊಳ್ಳಬೇಕಾದರೆ ಬರುತ್ತಾನೋ ಇಲ್ಲವೋ ಅಂತ ನೋಡಲೇಬೇಕಲ್ಲ!

ಈ ಮೂರನೆಯ ಉತ್ತರಕ್ಕೆ ಇವರ ಷರತ್ತುಗಳು ಕಟ್ಟುನಿಟ್ಟು. ಅದು ನಿಜವಾಗಿ ಮಾಡಬಹುದಾದ ಕೆಲಸ ಆಗಿರಬೇಕು. ಮಾಡಲು ಮಜಾ ಇರಬೇಕು. ಆಯಿತೋ ಇಲ್ಲವೋ ಎನ್ನುವುದು ಎದುರಿನವರಲ್ಲಿ ಗೊತ್ತಾಗಬೇಕು. ಹೋಗಿ ಒಂದು ಸುದ್ದಿ ಹೇಳಿ ಬರುವಂಥ ಬರೀ ತಲುಪಿಸುವ ಕೆಲಸ ಆಗಿರಬಾರದು. ಮುಖ್ಯವಾಗಿ, ‘ದುಃಖದಿಂದ’, ‘ಕೋಪದಿಂದ’ ಅಂತ ಭಾವವನ್ನು ಮೊದಲೇ ಅಂಟಿಸಿಕೊಂಡಿರಬಾರದು. ಒಂದು ಮುಕ್ತಾಯವೂ ಬೇಕು. ನನ್ನದು, ಕರ್ಣ ನನ್ನ ಕಡೆ ಒಂದು ಹೆಜ್ಜೆ ಇಟ್ಟರೆ ಗೆದ್ದೆ. ಕರ್ಣನ ಪಾತ್ರ ಮಾಡುವವರು ಒಂದು ಸಲ ಅರ್ಧ ಹೆಜ್ಜೆ ಎತ್ತಿ ಹಿಂದಕ್ಕೆ ಇಟ್ಟರು. ಮುಂದಿನ ಮಾತು ನನ್ನ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ, ಬಾಯಿಪಾಠದ ಧಾಟಿ ಅಂತೂ ಹೋಗಿತ್ತು.

ನಾಲ್ಕನೆಯ ಪ್ರಶ್ನೆ, ನನ್ನ ಬದುಕಲ್ಲಿ ಇದು ಯಾವುದರ ಹಾಗೆ? ನಿಜವಾಗಿ ನಡೆದದ್ದನ್ನು ಕೆದಕಬಾರದು, ನಡೆಯಬಹುದಾದದ್ದನ್ನು ಕಲ್ಪಿಸಿಕೊಳ್ಳಬೇಕು. ಅಡಿಕೆ ತೋಟದ ಪಾಲಿನ ವಿಷಯಕ್ಕೆ ಮಾತು ಬಿಟ್ಟ ಅಕ್ಕನನ್ನು ಮದುವೆಗೆ ಕರೆಯಲು ಅವಳ ಜಗಲಿ ಹತ್ತಿದ ಹಾಗೆ, ಅಂತ ಬರೆದುಕೊಂಡೆ. (ನನಗೆ ಅಕ್ಕ ಇಲ್ಲ. ತೋಟವೂ ಇಲ್ಲ.) ಕೆಲಸ ಮಾಡಿತು, ಆದರೆ ಪೂರ್ತಿ ಅಲ್ಲ. ಕುಂತಿ ತೀರಾ ನಮ್ಮ ಮನೆ ಹೆಂಗಸಾಗಿಬಿಟ್ಟಳು. ‘ಇದು ಗಂಗಾತೀರ ಮಾರಾಯ್ತಿ, ಗಾಂಧಿ ಬಜಾರ್ ಅಲ್ಲ’ ಅಂದರು ನಿರ್ದೇಶಕರು. ಪೌರಾಣಿಕ ಪಾತ್ರಕ್ಕೆ ಬೇಕಾದ ಎತ್ತರ ಈ ಪದ್ಧತಿಯಿಂದ ಬರುವುದಿಲ್ಲ. ಅದನ್ನು ಮಾತಿನ ಲಯದಿಂದ, ನಿಲುವಿನಿಂದ ಬೇರೆಯಾಗಿಯೇ ತರಬೇಕು.

ಮಧ್ಯದಲ್ಲಿ ಅಮೆರಿಕದ ನಟನೆಯ ಮೇಷ್ಟ್ರು ಮೈಸ್ನರ್ ಅವರ ಪುನರಾವರ್ತನೆಯ ಆಟವನ್ನೂ ಆಡಿದೆವು. ಎದುರಿನವರಲ್ಲಿ ಕಂಡದ್ದನ್ನು ಹೇಳುವುದು, ಅವರು ಅದನ್ನೇ ತಿರುಗಿ ಹೇಳುವುದು, ಏನಾದರೂ ಬದಲಾಗುವ ತನಕ. ಕಿವಿ ತೆರೆಯಲು ಒಳ್ಳೆಯದು. ಸೀನನ್ನು ಬಿಡಿಸಿ ನೋಡಲು ಇದರಿಂದ ಆಗುವುದಿಲ್ಲ, ಅದು ಇದರ ಕೆಲಸವೂ ಅಲ್ಲ.

ಯಕ್ಷಗಾನದ ತಾಳಮದ್ದಳೆ ಸೇರಿಸಿದ್ದು ನಮ್ಮ ಕರ್ಣ. ಹೊಸನಗರದ ಕಡೆಯವರು, ಮಳೆಗಾಲ ಬಂದರೆ ಅರ್ಥ ಹೇಳಲು ಊರೂರು ಸುತ್ತುವವರು. ‘ನಮ್ಮಲ್ಲೇ ಇರುವಾಗ ಮಾಸ್ಕೋಗೆ ಯಾಕೆ ಹೋಗಬೇಕು?’ ಅಂತ ಅವರ ವಾದ. ವೇಷ ಇಲ್ಲ, ಕುಣಿತ ಇಲ್ಲ, ಬರೆದ ಮಾತಿಲ್ಲ. ಭಾಗವತರು ಪದ್ಯ ಹೇಳಿದ ಮೇಲೆ ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಮಾತು ಕಟ್ಟಬೇಕು. ಎದುರಿನವರು ಏನು ಕೇಳುತ್ತಾರೋ ಮೊದಲೇ ಗೊತ್ತಿರುವುದಿಲ್ಲ. ನಾವು ಸ್ಕ್ರಿಪ್ಟ್ ಮುಚ್ಚಿಟ್ಟು ಎದುರುಬದುರು ಕುರ್ಚಿ ಹಾಕಿಕೊಂಡೆವು.

ಕರ್ಣ ಕೇಳಿದರು: ‘ಅಸ್ತ್ರವಿದ್ಯೆಯ ಪ್ರದರ್ಶನದ ದಿನ ಕೃಪಾಚಾರ್ಯರು ನನ್ನ ಕುಲ ಕೇಳಿದರು. ನಾನು ತಲೆ ತಗ್ಗಿಸಿ ನಿಂತೆ. ಅವತ್ತು ನೀನು ಅಲ್ಲೇ ಇದ್ದೆಯಲ್ಲ ತಾಯಿ?’

‘ಇದ್ದೆ ಮಗಾ. ಮೂರ್ಛೆ ಹೋಗಿದ್ದೆ.’

‘ಎದ್ದ ಮೇಲೆ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಕುಂತಿಯ ಹತ್ತಿರವೂ ಇಲ್ಲ ಅಂತ ಆಗ ಗೊತ್ತಾಯಿತು. ನಮ್ಮ ಸ್ಕ್ರಿಪ್ಟಿನಲ್ಲಿ ಈ ಪ್ರಶ್ನೆಯೇ ಇರಲಿಲ್ಲ, ಈಗ ಇದೆ. ಎಷ್ಟು ಓದಿದರೂ ಸಿಗದ ಈ ಪ್ರಶ್ನೆ ಇಲ್ಲಿ ಎರಡೇ ಮಾತಿಗೆ ಸಿಕ್ಕಿತು. ಪಾತ್ರದ ಹಿಂದಿನ ಕಥೆ ಇಲ್ಲಿ ಟಿಪ್ಪಣಿಯಾಗಿ ಉಳಿಯುವುದಿಲ್ಲ, ಎದುರಾಳಿಯ ಕೈಗೆ ಆಯುಧವಾಗಿ ಸಿಗುತ್ತದೆ. ತೊಂದರೆ ಏನೆಂದರೆ, ಸ್ವಲ್ಪ ಹೊತ್ತಾದ ಮೇಲೆ ನಾವಿಬ್ಬರೂ ವಾದ ಗೆಲ್ಲಲು ಹೊರಟೆವು. ಕುಂತಿ ವಕೀಲೆಯಾದಳು. ಕೂತೇ ಮಾತಾಡುವುದರಿಂದ ಮೈ ಸುಮ್ನೆ ಇರುತ್ತದೆ, ನಾಲಿಗೆ ಮಾತ್ರ ಓಡುತ್ತದೆ. ಪುರಾಣ ಚೆನ್ನಾಗಿ ಗೊತ್ತಿಲ್ಲದವರು ಎರಡನೇ ಪ್ರಶ್ನೆಗೇ ಬಾಯಿ ಕಟ್ಟಿ ಕೂರಬೇಕು. ಅದು ಬೇರೆ ಅವಮಾನ.

ಕೊನೆಗೆ ಮಾಡಿದ್ದು ಸಕ್ರಿಯ ವಿಶ್ಲೇಷಣೆ. ಇದೂ ಸ್ತಾನಿಸ್ಲಾವ್‌ಸ್ಕಿಯದ್ದೇ. 1938ರಲ್ಲಿ ತೀರಿಕೊಳ್ಳುವ ಮುಂಚಿನ ವರ್ಷಗಳಲ್ಲಿ ಅವರು ಉದ್ದುದ್ದ ಕೂತು ಓದುವುದನ್ನು ಬಿಟ್ಟು ಈ ಕಡೆ ವಾಲಿದ್ದರು. ಶಿಷ್ಯೆ ಮರಿಯಾ ಕ್ನೆಬೆಲ್ ಆಮೇಲೆ ಇದನ್ನು ಮುಂದುವರಿಸಿದರು. ಸೀನು ಓದಿ, ಅದರಲ್ಲಿ ಮುಖ್ಯವಾಗಿ ಏನು ನಡೆಯುತ್ತದೆ ಅಂತ ಗುರುತು ಮಾಡಿಕೊಂಡು, ಮಾತು ಬಾಯಿಪಾಠ ಆಗುವ ಮೊದಲೇ ನಮ್ಮದೇ ಮಾತಲ್ಲಿ ಎದ್ದು ಆಡುವುದು. ಮತ್ತೆ ಸ್ಕ್ರಿಪ್ಟಿಗೆ ಹೋಗಿ ಏನು ಬಿಟ್ಟೆವು ಅಂತ ನೋಡುವುದು. ಮತ್ತೆ ಆಡುವುದು.

ಉತ್ತರೀಯದ ನೆರಳು ಇಲ್ಲಿ ಉಪಯೋಗಕ್ಕೆ ಬಂತು. ಕರ್ಣ ಬೆನ್ನು ಹಾಕಿ ಕೈ ಎತ್ತಿ ನಿಂತರು. ನಾನು ಹಿಂದೆ. ಮಾಡಿನ ಶೀಟಿನ ಮೇಲೆ ಮಳೆ ಎಷ್ಟು ಜೋರಾಗಿತ್ತು ಅಂದರೆ ಮಾತಾಡಿದರೂ ಕೇಳಿಸುತ್ತಿರಲಿಲ್ಲ. ಬೆನ್ನಿನ ಮೇಲಿನ ಬಟ್ಟೆ ಮುಟ್ಟಲು ಕೈ ಹೋಯಿತು, ಅವರು ಅಲುಗಿದರು, ಕೈ ವಾಪಸ್ ಬಂತು. ತಿರುಗಿ ನೋಡಿ ‘ರಾಧೆಯ ಮಗ ಕರ್ಣ, ನಮಸ್ಕಾರ’ ಅಂದಾಗ ಅದು ಬರೀ ಪರಿಚಯವಾಗಿ ಉಳಿಯಲಿಲ್ಲ, ಕೆನ್ನೆಗೆ ಹೊಡೆದ ಹಾಗೆ ಆಯಿತು. ನೀನು ರಾಧೆಯ ಮಗ ಅಲ್ಲ ಅನ್ನುವ ಮಾತು ನನಗೆ ತಡೆಯಲಾಗದೆ ಬಂತು. ವ್ಯಾಸರಲ್ಲೂ ಕುಂತಿಯ ಮೊದಲ ಮಾತು ಅದೇ. ಅಳು? ಅದರ ನೆನಪೇ ಆಗಲಿಲ್ಲ.

ಹೆಗ್ಗೋಡಿನ ನೀನಾಸಂ ರಂಗಶಾಲೆಯಲ್ಲಿ ಕಲಿತ ಗೆಳತಿಯೊಬ್ಬರು ಅವತ್ತು ಹೊರಗೆ ಕೂತು ನೋಡುತ್ತಿದ್ದರು. ಯಾವುದು ಸೀನಿಗೆ ಸೇರಿದ್ದು, ಯಾವುದು ನಮ್ಮ ಹುರುಪು ಅಂತ ಅವರೇ ಬೇರೆ ಮಾಡಿ ಹೇಳಿದರು. ಅಂಥವರು ಇಲ್ಲದಿದ್ದರೆ ಈ ಪದ್ಧತಿ ದಾರಿ ತಪ್ಪುವುದು ಸುಲಭ. ಜಾಗ ಬೇಕು, ಸಮಯ ಬೇಕು. ಬ್ಯಾಂಕು, ಡಿಪೋ, ಕಾಲೇಜು ಮುಗಿಸಿ ಏಳು ಗಂಟೆಗೆ ಬರುವ ನಮ್ಮಂಥವರಿಗೆ ಮಾತು ಬಾಯಿಪಾಠ ಆಗದೆ ದಿನ ಕಳೆಯುವುದನ್ನು ನೋಡಿದರೆ ಎದೆ ಹೊಡೆದುಕೊಳ್ಳುತ್ತದೆ.

ನನ್ನ ಆಯ್ಕೆ ಕೇಳಿದರೆ, ಸೀನು ನಿಜವಾಗಿ ತೆರೆದದ್ದು ಸಕ್ರಿಯ ವಿಶ್ಲೇಷಣೆಯಲ್ಲಿ. ಆದರೆ ದಿನಾ ಕೈಗೆ ಸಿಗುವುದು ನಾಲ್ಕು ಪ್ರಶ್ನೆಯ ಚೀಟಿ. ಸಮಯ ಕಡಿಮೆ ಇದ್ದರೆ, ನೋಡಿ ಹೇಳುವವರು ಇಲ್ಲದಿದ್ದರೆ, ಚೀಟಿಯಿಂದಲೇ ಶುರು ಮಾಡಿ. ಅದರಲ್ಲೂ ಮೂರನೇ ಪ್ರಶ್ನೆಗೆ ಜಾಸ್ತಿ ಹೊತ್ತು ಕೊಡಿ, ನಾಲ್ಕನೆಯದು ಹೊಂದದಿದ್ದರೆ ಬಿಟ್ಟುಬಿಡಿ. ಎರಡು ಪಾತ್ರ ಮಾತಲ್ಲೇ ಹೊಡೆದಾಡುವ ಸೀನಾದರೆ ಒಂದು ಸಂಜೆ ತಾಳಮದ್ದಳೆಗೆ ಕೂರಿ. ಮನೆ ಮಾಲೀಕ-ಬಾಡಿಗೆದಾರರ ನಗೆನಾಟಕದ ಒಂದು ತುಂಡಿಗೂ ಅದನ್ನು ಹಚ್ಚಿ ನೋಡಿದೆವು, ತಮಾಷೆಯೆಲ್ಲ ಭಾಷಣವಾಯಿತು. ಸುತ್ತ ಕೂತು ಓದುವುದಕ್ಕೆ ಒಂದು ಸಂಜೆ ಸಾಕು. ಮೂಲಕಥೆ ತಿಳಿದವರೊಬ್ಬರು ಜೊತೆಗಿದ್ದರೆ ಅಷ್ಟರಲ್ಲೇ ಬೇಕಾದದ್ದು ಸಿಗುತ್ತದೆ.

ಕರ್ಣ ಇದನ್ನು ಒಪ್ಪುವುದಿಲ್ಲ. ‘ಎದ್ದ ಮೇಲೆ?’ ಅನ್ನುವ ಪ್ರಶ್ನೆ ಯಾವ ಚೀಟಿಯಲ್ಲಿ ಬರುತ್ತಿತ್ತು ಹೇಳಿ ಅಂತ ಕೇಳುತ್ತಾರೆ. ಬರುತ್ತಿರಲಿಲ್ಲ, ನಿಜ. ಆದರೆ ಆ ಪ್ರಶ್ನೆ ಕೇಳಿಸಿಕೊಂಡು ರಂಗದ ಮೇಲೆ ಏನು ಮಾಡಬೇಕು ಅಂತ ನನಗೆ ಹೇಳಿದ್ದು ಚೀಟಿಯೇ: ಉತ್ತರ ಕೊಡಬೇಡ, ಇನ್ನೂ ಕರೆಯುತ್ತಲೇ ಇರು.