ಎತ್ತಿ ಅಡಿಯಲ್ಲಿ ನೋಡಿ: ಪಿಕಪ್ ಬಾಡಿಯ ಲೈನರ್, ಮ್ಯಾಟ್, ಕವರ್‌ಗಳ ವಿಮರ್ಶೆ

ಪಿಕಪ್ಪಿನ ಲೋಡ್ ಬಾಡಿಗೆ ಹಾಕುವ ಹೊದಿಕೆ ಚೆನ್ನಾಗಿದೆಯೋ ಇಲ್ಲವೋ ಎಂಬುದು ಅದರ ಮೇಲ್ಮೈ ನೋಡಿದರೆ ತಿಳಿಯುವುದಿಲ್ಲ. ಎತ್ತಿ ಅಡಿಯಲ್ಲಿ ನೋಡಬೇಕು. ಸಾಮಾನು ಎಳೆದಾಡಿ ಬಿದ್ದ ಗೀರು ಕಣ್ಣಿಗೆ ಕಾಣುತ್ತದೆ, ಅದೇ ವಾರ ಪೇಂಟು ಹಚ್ಚಿ ಮುಚ್ಚಬಹುದು. ಹೊದಿಕೆಯಡಿ ನಿಂತ ನೀರು ತಗಡನ್ನು ತಿನ್ನುವುದು ಮಾತ್ರ ತೂತು ಬಿದ್ದಮೇಲೇ ಗೊತ್ತಾಗುವುದು. ಮಾರುಕಟ್ಟೆಯಲ್ಲಿ ಸಿಗುವ ಬಗೆಗಳನ್ನೆಲ್ಲ ಇಲ್ಲಿ ಈ ಒಂದೇ ಅಳತೆಗೋಲಿನಿಂದ ಅಳೆದಿದ್ದೇವೆ.

ಅದಕ್ಕೂ ಮೊದಲು ನಿಮ್ಮ ಗಾಡಿಯ ಬಾಡಿ ಯಾವುದರದ್ದು ಎಂದು ಖಚಿತ ಮಾಡಿಕೊಳ್ಳಿ. ಹೆಚ್ಚಿನವು ಉಕ್ಕಿನವು. ಫೋರ್ಡ್ ಎಫ್-150 ಗಾಡಿಗೆ 2015ರ ಮಾದರಿಯಿಂದ ಅಲ್ಯೂಮಿನಿಯಂ ಬಾಡಿ ಬಂತು. ಟೊಯೊಟಾ ಟಕೋಮಾ 2005ರಲ್ಲೇ ಕಾಂಪೊಸಿಟ್ (ನಾರು ಸೇರಿಸಿ ಗಟ್ಟಿ ಮಾಡಿದ ಪ್ಲಾಸ್ಟಿಕ್) ಬಾಡಿಗೆ ಹೋಯಿತು. ಕಾಂಪೊಸಿಟ್‌ಗೆ ತುಕ್ಕಿನ ಭಯವಿಲ್ಲ, ಸಾಮಾನು ಜಾರದಂತೆ ಒಂದು ಮ್ಯಾಟ್ ಇದ್ದರೆ ಸಾಕು. ಅಲ್ಯೂಮಿನಿಯಂಗೆ ಕೆಂಪು ತುಕ್ಕು ಹಿಡಿಯದಿದ್ದರೂ ಬೇರೆ ತೊಂದರೆ ಇದೆ. ಉಕ್ಕಿನ ಬೋಲ್ಟು ಅದಕ್ಕೆ ನೇರವಾಗಿ ತಾಗಿ ನಡುವೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ. ಅಂಥ ಬಾಡಿಗೆ ಏನೇ ಕೂರಿಸಿದರೂ ಬೋಲ್ಟಿನಡಿ ನೈಲಾನ್ ವಾಷರ್ ಇರಲಿ.

ಅಚ್ಚಿನಲ್ಲಿ ಎರಕ ಹೊಯ್ದಂತೆ ಒಂದೇ ತುಂಡಾಗಿ ಬರುವ ಗಟ್ಟಿ ಪ್ಲಾಸ್ಟಿಕ್ ಲೈನರ್ ಹಳೆಯ ಬಗೆ. ಹೈ ಡೆನ್ಸಿಟಿ ಪಾಲಿಥಿಲೀನ್ ಹಾಳೆಯಿಂದ ಮಾಡಿದ್ದು. ಕಲ್ಲು, ಇಟ್ಟಿಗೆ, ಕಬ್ಬಿಣದ ಸಾಮಾನು ಎಸೆದರೂ ಬಾಡಿಗೆ ನೆಗ್ಗು ಬೀಳದಂತೆ ತಡೆಯುವುದರಲ್ಲಿ ಇದನ್ನು ಮೀರಿಸುವುದು ಕಷ್ಟ. ತಳ, ಪಕ್ಕ, ಹಿಂಬಾಗಿಲು ಮೂರನ್ನೂ ಮುಚ್ಚುತ್ತದೆ. ಆದರೆ ನಮ್ಮ ಅಳತೆಗೋಲಿಗೆ ಸೋಲುವುದೂ ಇದೇ. ಗಾಡಿ ಓಡುವಾಗ ಬಾಡಿ ಸಣ್ಣಗೆ ತಿರುಚಿಕೊಳ್ಳುತ್ತಿರುತ್ತದೆ, ಒಳಗಿನ ಲೈನರ್ ಅದರ ಜೊತೆ ಬಾಗದೆ ಉಜ್ಜುತ್ತಿರುತ್ತದೆ. ಮಧ್ಯೆ ಸಿಕ್ಕ ಮರಳು ಉಪ್ಪುಕಾಗದದ ಕೆಲಸ ಮಾಡುತ್ತದೆ. ಒಂದೆರಡು ವರ್ಷ ಓಡಿದ ಲೈನರ್ ಎತ್ತಿದರೆ ಚಕ್ರದ ಗೂಡಿನ ಭುಜದ ಮೇಲೆ, ಮುಂದಿನ ಎರಡು ಮೂಲೆಗಳಲ್ಲಿ ಗುರುತು ಸಿಗುತ್ತದೆ: ಹೊರಗೆ ಹೊಳಪು ಸತ್ತ ಪೇಂಟು, ಅದರೊಳಗೆ ಪ್ರೈಮರ್‌ನ ಬೂದು ಉಂಗುರ, ನಟ್ಟನಡುವೆ ಕಂದು ಚುಕ್ಕೆ. ಆ ಚುಕ್ಕೆಯೇ ತುಕ್ಕಿನ ಮೊದಲ ಹೆಜ್ಜೆ.

ಹಾಕಲೇಬೇಕು ಎನ್ನುವವರು ಕೂರಿಸುವ ಮುನ್ನ ಬಾಡಿ ತೊಳೆದು ಒಣಗಿಸಿ, ಲೈನರ್ ತಾಗುವ ಕಡೆಯೆಲ್ಲ ಪೇಂಟ್ ಪ್ರೊಟೆಕ್ಷನ್ ಫಿಲ್ಮ್ ಅಂಟಿಸಲಿ. ಮೂಲೆಯ ನೀರಿನ ತೂತುಗಳು ಮುಚ್ಚಿಹೋಗದಿರಲಿ. ಸ್ಕ್ರೂ ಹಾಕಲು ಕೊರೆದಿದ್ದರೆ ತೂತಿನ ಅಂಚಿಗೆ ಪ್ರೈಮರ್, ಪೇಂಟು ಎರಡೂ ಹಚ್ಚಬೇಕು. ವರ್ಷಕ್ಕೆ ಎರಡು ಸಲ, ಅದರಲ್ಲೊಮ್ಮೆ ಮಳೆಗಾಲ ಮುಗಿದ ಕೂಡಲೇ, ಹೊರತೆಗೆದು ತೊಳೆಯಬೇಕು. ಇಷ್ಟು ಮಾಡಿದರೂ ಜಾರುವ ಗುಣ ಹೋಗುವುದಿಲ್ಲ. ಒದ್ದೆಯಾದ ಪ್ಲಾಸ್ಟಿಕ್ ಮೇಲೆ ಕಟ್ಟದೆ ಇಟ್ಟ ಪೆಟ್ಟಿಗೆ ಬ್ರೇಕ್ ಒತ್ತಿದೊಡನೆ ಮುಂದಿನ ಗೋಡೆಗೆ ಹೋಗಿ ಬಡಿಯುತ್ತದೆ.

ಪ್ಲಾಸ್ಟಿಕ್ ಲೈನರ್ ಇರುವ ಪ್ರತಿಯೊಬ್ಬರೂ ಒಂದು ವಿಷಯ ತಿಳಿದಿರಲೇಬೇಕು. ಪೆಟ್ರೋಲ್ ಕ್ಯಾನನ್ನು ಬಾಡಿಯೊಳಗೇ ಇಟ್ಟು ತುಂಬಿಸಬೇಡಿ. ಪೆಟ್ರೋಲ್ ಹರಿಯುವಾಗ ಹುಟ್ಟುವ ಸ್ಥಾಯೀ ವಿದ್ಯುತ್ತು ಪ್ಲಾಸ್ಟಿಕ್ ಅಡ್ಡವಿರುವುದರಿಂದ ನೆಲಕ್ಕಿಳಿಯದೆ ಕ್ಯಾನಿನಲ್ಲೇ ಸೇರಿ, ನಳಿಕೆ ಹತ್ತಿರ ಬಂದಾಗ ಕಿಡಿ ಹಾರುತ್ತದೆ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯೋಶ್ 1998ರಲ್ಲೇ ಈ ಬಗ್ಗೆ ಎಚ್ಚರಿಕೆ ಹೊರಡಿಸಿತ್ತು. ಕ್ಯಾನನ್ನು ಕೆಳಗಿಳಿಸಿ ನೆಲದ ಮೇಲಿಡಿ, ತುಂಬಿ ಮುಗಿಯುವವರೆಗೆ ನಳಿಕೆ ಕ್ಯಾನಿನ ಬಾಯಿಗೆ ತಾಗಿಕೊಂಡೇ ಇರಲಿ.

ಇನ್ನು ಸ್ಪ್ರೇ ಲೈನರ್, ಅಂದರೆ ದ್ರವವಾಗಿ ಹೊಡೆದ ಮೇಲೆ ಗಟ್ಟಿಯಾಗುವ ಪದರ. ಅಡಿ ಎನ್ನುವುದೇ ಇಲ್ಲದಂತೆ ತಗಡಿಗೇ ಅಂಟಿಕೊಳ್ಳುವುದರಿಂದ ನೀರು ನುಗ್ಗಲು ಸಂದೇ ಇರುವುದಿಲ್ಲ. ಹೊಸ ಉಕ್ಕಿನ ಬಾಡಿಗೆ ನಮ್ಮ ಮೊದಲ ಆಯ್ಕೆ ಇದು. ಲೈನ್-ಎಕ್ಸ್‌ನವರದು ಬಿಸಿ ಮಾಡಿ ಹೆಚ್ಚಿನ ಒತ್ತಡದಲ್ಲಿ ಹೊಡೆಯುವ ಪದ್ಧತಿ. ಕೆಲವೇ ಸೆಕೆಂಡುಗಳಲ್ಲಿ ಗಟ್ಟಿಯಾಗಿ, ಬಿಗಿಯಾದ ಒರಟು ಪದರವಾಗುತ್ತದೆ. ರೈನೋ ಲೈನಿಂಗ್ಸ್ ಹೆಸರು ಮಾಡಿದ್ದು ಮೆತ್ತನೆಯ, ರಬ್ಬರಿನಂಥ ಪದರದಿಂದ. ಅದರ ಮೇಲೆ ಸಾಮಾನು ಕಡಿಮೆ ಜಾರುತ್ತದೆ, ಆದರೆ ಚೂಪಾದ ಕಬ್ಬಿಣ ಎಳೆದರೆ ಬೇಗ ಹರಿಯುತ್ತದೆ. ತಳದಲ್ಲಿ ಸುಮಾರು 3 ಮಿಲಿಮೀಟರ್ ದಪ್ಪ ಇದ್ದರೆ ಒಳ್ಳೆಯ ಕೆಲಸ.

ಕಂಪನಿ ಯಾವುದಾದರೂ ಫಲಿತಾಂಶ ನಿಲ್ಲುವುದು ಪೇಂಟಿನ ಹೊಳಪನ್ನು ಎಷ್ಟು ತಾಳ್ಮೆಯಿಂದ ಉಜ್ಜಿ ತೆಗೆದಿದ್ದಾರೆ ಎನ್ನುವುದರ ಮೇಲೆ. ತಳದ ಏರುತಗ್ಗಿನ ಸಾಲುಗಳ ಮೂಲೆಗೆ ಯಂತ್ರ ಹೋಗುವುದಿಲ್ಲ, ಕೈಯಿಂದಲೇ ಉಜ್ಜಬೇಕು. ಹೊಳಪು ಉಳಿದ ಜಾಗದಲ್ಲಿ ಪದರ ಹಿಡಿಯದೆ, ಮೊದಲು ಹಿಂಬಾಗಿಲಿನ ಅಂಚಿನಲ್ಲಿ ಸಿಪ್ಪೆಯಂತೆ ಏಳುತ್ತದೆ. ಹಗ್ಗ ಕಟ್ಟುವ ಕೊಂಡಿಗಳನ್ನು ಬಿಚ್ಚಿಟ್ಟೇ ಹೊಡೆಯುತ್ತಾರಾ, ಬೋಲ್ಟಿನ ಮರೆಗಳನ್ನು ಮುಚ್ಚುತ್ತಾರಾ ಎಂದು ಮೊದಲೇ ಕೇಳಿ. ಇದ್ದ ತುಕ್ಕಿನ ಮೇಲೇ ಹೊಡೆದರೆ ಅದು ಒಳಗೊಳಗೇ ಹಬ್ಬುತ್ತದೆ, ಹೊರಗಿನಿಂದ ತಿಳಿಯುವುದೇ ಇಲ್ಲ. ಬಿಸಿಲಿಗೆ ಕಪ್ಪು ಬಣ್ಣ ಬೂದುಗಟ್ಟುವುದನ್ನು ಅಲಿಫಾಟಿಕ್ (ಬಿಸಿಲಿಗೆ ಬಣ್ಣಗೆಡದ ರಾಸಾಯನಿಕ ಬಗೆಯ) ಮೇಲ್ಪದರ ತಡೆಯುತ್ತದೆ. ಒಮ್ಮೆ ಹಾಕಿದ ಮೇಲೆ ಸ್ಪ್ರೇ ಲೈನರನ್ನು ತೆಗೆಯುವುದು ಆಗದ ಮಾತು ಎಂಬುದೂ ನೆನಪಿರಲಿ.

ಮನೆಯಲ್ಲೇ ಮಾಡಿಕೊಳ್ಳುವವರಿಗೆ ಯೂ-ಪೋಲ್ ಕಂಪನಿಯ ರ‍್ಯಾಪ್ಟರ್ ಕಿಟ್ ಇದೆ. ಮೂರು ಪಾಲು ಪೇಂಟಿಗೆ ಒಂದು ಪಾಲು ಹಾರ್ಡ್‌ನರ್: 750 ಮಿಲಿಲೀಟರ್ ಇರುವ ಬಾಟಲಿಗೆ 250 ಸುರಿದು, ಎರಡು ನಿಮಿಷ ಚೆನ್ನಾಗಿ ಕುಲುಕಿ, ಬಾಟಲಿಗೇ ಗನ್ ಸಿಕ್ಕಿಸಿ ಹೊಡೆಯುವುದು. ಬೆರೆಸಿದ್ದನ್ನು ಒಂದು ಗಂಟೆಯೊಳಗೆ ಮುಗಿಸಬೇಕು, ಆದ್ದರಿಂದ ಬಾಟಲಿಗಳನ್ನೆಲ್ಲ ಒಟ್ಟಿಗೆ ಬೆರೆಸಿಡಬೇಡಿ. ಜಿಡ್ಡು ತೆಗೆದು, 180ರಿಂದ 240 ನಂಬರಿನ ಉಪ್ಪುಕಾಗದದಿಂದ ಉಜ್ಜಿ, ತಗಡು ಕಂಡಲ್ಲಿ ಎಪಾಕ್ಸಿ ಪ್ರೈಮರ್ ಹಚ್ಚಿ, ತೆಳುವಾಗಿ ಎರಡು ಕೋಟು. ಒಂದೇ ಸಲಕ್ಕೆ ದಪ್ಪಗೆ ಹೊಡೆದರೆ ಗೋಡೆಯಿಂದ ಇಳಿಯುತ್ತದೆ. ತೇವದ ಹವೆಯಲ್ಲಿ ಹಾರ್ಡ್‌ನರ್ ನೀರಿನಂಶದ ಜೊತೆ ಸೇರಿ ಗಾಳಿ ಬಿಡುವುದರಿಂದ ಗುಳ್ಳೆ ಏಳುತ್ತವೆ. ಮಾಸ್ಕಿಂಗ್ ಟೇಪನ್ನು ಪೇಂಟು ಪೂರ್ತಿ ಒಣಗುವ ಮೊದಲೇ ಕೀಳಿ. ಹಾರ್ಡ್‌ನರ್‌ನಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು, ಅದನ್ನು ದೂಳಿನ ಮಾಸ್ಕ್ ತಡೆಯುವುದಿಲ್ಲ. ಹೊರಗಿನ ಗಾಳಿ ಪೂರೈಸುವ ಮಾಸ್ಕ್ ಮತ್ತು ಗಾಳಿಯಾಡುವ ಜಾಗ ಇಲ್ಲದಿದ್ದರೆ ಈ ಕೆಲಸ ಬಿಟ್ಟೇಬಿಡಿ. ರೋಲರ್‌ನಿಂದ ಹಚ್ಚುವ ಹರ್ಕ್ಯುಲೈನರ್ ಸುಲಭ, ಆದರೆ ರಬ್ಬರ್ ಹರಳುಗಳು ಡಬ್ಬಿಯ ತಳಕ್ಕೆ ಇಳಿಯುವುದರಿಂದ ಆಗಾಗ ಕಲಕುತ್ತಿರಬೇಕು.

ಬಿಡಿ ರಬ್ಬರ್ ಮ್ಯಾಟ್ ನೋಡಲು ಸಾಧಾರಣ, ಕೆಲಸದಲ್ಲಿ ಅಲ್ಲ. ಸುಮಾರು 10 ಮಿಲಿಮೀಟರ್ ದಪ್ಪದ್ದು, ಅಡಿಯಲ್ಲಿ ಗುಬುಟುಗಳಿದ್ದು ನೀರು ಹರಿಯಲು ದಾರಿ ಇರುವಂಥದ್ದನ್ನೇ ಆರಿಸಿ. ಸಾಮಾನು ಜಾರದಂತೆ ಹಿಡಿಯುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಒಂದೂವರೆ ಮೀಟರ್ ಅಗಲ, 1.7 ಮೀಟರ್ ಉದ್ದದ ಮ್ಯಾಟ್ 30 ಕೆಜಿ ತೂಗುತ್ತದೆ, ತನ್ನ ಭಾರಕ್ಕೇ ಕದಲದೆ ಕೂರುತ್ತದೆ. ಒಂದು ತುದಿ ಎತ್ತಿ ಸುತ್ತಿದರೆ ಅಡಿ ಕಾಣುತ್ತದೆ, ಇದರ ದೊಡ್ಡ ಗುಣವೇ ಅದು. ಕುದುರೆ ಲಾಯಕ್ಕೆ ಹಾಸುವ 19 ಮಿಲಿಮೀಟರ್ ಮ್ಯಾಟನ್ನು ಕತ್ತರಿಸಿ ಹಾಕುವವರಿದ್ದಾರೆ. ಹೊಡೆತ ತಾಳುತ್ತದೆ, ಆದರೆ ಎತ್ತಲು ಇಬ್ಬರು ಬೇಕು, ಅಡಿ ಸಪಾಟಾಗಿದ್ದರೆ ನೀರು ಅಲ್ಲೇ ನಿಲ್ಲುತ್ತದೆ. ಬಿಳಿ ಗಾಡಿಯವರಿಗೆ ಒಂದು ಮಾತು: ಕೆಲವು ರಬ್ಬರುಗಳಿಂದ ಒಸರುವ ರಾಸಾಯನಿಕ ಪೇಂಟಿಗೆ ಇಳಿದು, ಗುಬುಟಿನ ಆಕಾರದಲ್ಲೇ ಹಳದಿ ಮಿಶ್ರಿತ ಕಂದು ಕಲೆ ಕೂರುತ್ತದೆ. ಉಜ್ಜಿದರೂ ಹೋಗುವುದಿಲ್ಲ.

ಬೆಡ್‌ರಗ್ ಥರದ ಕಾರ್ಪೆಟ್ ಲೈನರ್ ಪಾಲಿಪ್ರೊಪಿಲೀನ್ ಎಳೆಯದ್ದು, ಅಡಿಯಲ್ಲಿ ಫೋಮ್, ವೆಲ್ಕ್ರೋದಿಂದ ಅಂಟುತ್ತದೆ. ಮಂಡಿಯೂರಿ ಕೆಲಸ ಮಾಡುವವರಿಗೆ, ಬಾಡಿಯಲ್ಲೇ ಮಲಗುವವರಿಗೆ ಹಿತ. ಜಲ್ಲಿ, ಸಿಮೆಂಟು, ಹುಲ್ಲು ಹೊರುವವರು ಇದರ ತಂಟೆಗೆ ಹೋಗಬಾರದು.

ಮೇಲಿನ ಕವರುಗಳ ಬಗ್ಗೆ ಮೊದಲು ಒಂದು ಭ್ರಮೆ ಕಳೆಯಬೇಕು. ಸುತ್ತುವ ವಿನೈಲ್ ಇರಲಿ, ಮೂರು ಮಡಿಕೆಯ ಅಲ್ಯೂಮಿನಿಯಂ ಇರಲಿ, ಒಳಕ್ಕೆ ಸರಿಯುವ ಬಗೆ ಇರಲಿ, ಯಾವುದೂ ಹನಿ ನೀರೂ ಬಿಡದಷ್ಟು ಬಿಗಿಯಲ್ಲ. ಹಿಂಬಾಗಿಲಿನ ಎರಡು ಪಕ್ಕ, ಕ್ಯಾಬಿನ್ ಕಡೆಯ ಮೂಲೆಗಳಿಂದ ನೀರು ಬಂದೇ ಬರುತ್ತದೆ. ಕತ್ತಲಾದ ಮೇಲೆ ಒಳಗೆ ಉರಿಯುವ ಟಾರ್ಚ್ ಇಟ್ಟು ಕವರ್ ಮುಚ್ಚಿ ಸುತ್ತ ನಡೆಯಿರಿ, ಬೆಳಕು ಕಂಡಲ್ಲೆಲ್ಲ ಸೀಲ್ ಪಟ್ಟಿ ಬೇಕು. ಸರಿಯುವ ಬಗೆಯಲ್ಲಿ ಕವರ್ ಒಳಸೇರುವ ಮುಂದಿನ ಡಬ್ಬಿಯಿಂದ ನೀರು ಇಳಿಸುವ ಕೊಳವೆಗಳು ಕಸ ಕಟ್ಟಿದರೆ ನೀರೆಲ್ಲ ಸಾಮಾನಿನ ಮೇಲೆ. ಮುಚ್ಚಿದ ಕವರಿನಡಿ ಒದ್ದೆ ಮ್ಯಾಟ್ ವಾರಗಟ್ಟಲೆ ಒಣಗುವುದಿಲ್ಲ, ಮಳೆ ನಿಂತ ದಿನ ಕವರ್ ತೆಗೆದು ಮ್ಯಾಟ್ ಎತ್ತಿ ನಿಲ್ಲಿಸಿ.

ಜೋಡಿಸುವ ಕ್ರಮವೂ ಮುಖ್ಯ. ಮೊದಲು ಸ್ಪ್ರೇ, ಅದು ಪೂರ್ತಿ ಗಟ್ಟಿಯಾದ ಮೇಲೆ ಕವರ್, ಕೊನೆಗೆ ಮ್ಯಾಟ್. ಕವರಿನ ಕ್ಲ್ಯಾಂಪ್ ಕೂರುವ ಬಾಡಿಯ ಅಂಚಿಗೆ ಸ್ಪ್ರೇ ಬೀಳದಂತೆ ಟೇಪ್ ಹಾಕಿಸಿ, ಇಲ್ಲವಾದರೆ ಕವರನ್ನು ಹೊರುವ ಪಕ್ಕದ ಹಳಿ ಸಮನಾಗಿ ಕೂರದೆ ಸೀಲ್ ಒತ್ತುವುದಿಲ್ಲ. ಅಂಚಿನ ಮೇಲೆ ಹತ್ತಿ ಕೂರುವ ಪ್ಲಾಸ್ಟಿಕ್ ಲೈನರ್ ಇದ್ದರೆ ಪ್ರತಿ ಕ್ಲ್ಯಾಂಪಿನ ಜಾಗದಲ್ಲಿ ಅದನ್ನು ಕತ್ತರಿಸಲೇಬೇಕು. ಎರಡು ಹಳಿಗಳ ಕರ್ಣ ಅಳೆದು ಸಮ ಮಾಡಿ ಬೋಲ್ಟು ಬಿಗಿ ಮಾಡಿ. ಒಂದು ವಾರ ಓಡಿಸಿದ ಮೇಲೆ ಸ್ಪ್ಯಾನರ್ ಹಿಡಿದು ಪ್ರತಿ ಕ್ಲ್ಯಾಂಪನ್ನೂ ಇನ್ನೊಮ್ಮೆ ನೋಡಿ, ಸೀಲ್ ಒತ್ತಿ ತಗ್ಗಿದಂತೆಲ್ಲ ಅವು ಸಡಿಲವಾಗಿರುತ್ತವೆ.