ಹೆಡ್‌ಲೈಟ್ ಕವರಿಗೆ ರಂಧ್ರ ಕೊರೆಯುವ ಮುನ್ನ ಇದನ್ನು ಓದಿ

ಕಿಟ್ ಕಾರು (ಬಿಡಿಭಾಗಗಳನ್ನು ತರಿಸಿ ನಾವೇ ಜೋಡಿಸುವ ಕಾರು) ಕಟ್ಟುತ್ತಿರುವವರು, ಕಟ್ಟಬೇಕೆಂದು ಹಣ ಕೂಡಿಡುತ್ತಿರುವವರು ದಯವಿಟ್ಟು ಗಮನಿಸಿ. ಹೆಡ್‌ಲೈಟ್, ಬಲ್ಬ್, ಪಾರದರ್ಶಕ ಕವರ್ ಎಲ್ಲ ಸೇರಿಸಿ ‘ಪೂರ್ತಿ ಸೆಟ್, ಪರೀಕ್ಷೆಗೆ ಸಿದ್ಧ’ ಎಂದು ಯಾರಾದರೂ ಮಾರುತ್ತಿದ್ದರೆ, ಲ್ಯಾಂಪಿನ ಗಾಜಿನ ಮೇಲಿರುವ ಗುರುತುಗಳ ಸ್ಪಷ್ಟ ಫೋಟೊ ಕೈಗೆ ಬರುವ ತನಕ ಒಂದು ಪೌಂಡನ್ನೂ ಕಳುಹಿಸಬೇಡಿ.

ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್‌ನಲ್ಲಿ, ಮನೆಯ ಗ್ಯಾರೇಜಿನಲ್ಲಿ, ನಾನು ಫೋರ್ಡ್ ಜಿಟಿ40ರ ಪ್ರತಿಕೃತಿಯೊಂದನ್ನು ಕಟ್ಟುತ್ತಿದ್ದೇನೆ. 1966ರಿಂದ 1969ರವರೆಗೆ ಸತತವಾಗಿ ಲೆ ಮಾನ್ 24 ಗಂಟೆಗಳ ಓಟ ಗೆದ್ದ ಕಾರು ಅದು. ಬ್ರಿಟನ್ನಿನಲ್ಲಿ ಹೀಗೆ ಬಿಡಿಭಾಗ ತರಿಸಿ ಕಾರು ಜೋಡಿಸುವುದು ಕಾನೂನುಬದ್ಧ. ಆದರೆ ರಸ್ತೆಗಿಳಿಸುವ ಮುನ್ನ ಐವಿಎ ಎಂಬ ಸರ್ಕಾರಿ ಪರೀಕ್ಷೆ ಪಾಸಾಗಬೇಕು. ಎಂಜಿನ್, ಗೇರ್‌ಬಾಕ್ಸ್, ಬ್ರೇಕ್ ಯಾವುದೂ ಕೊಡದಷ್ಟು ತಲೆನೋವನ್ನು ನನಗೆ ಮುಂದಿನ ಎರಡು ದೀಪಗಳು ಕೊಟ್ಟಿವೆ. ಮಾರಿದವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ನಮ್ಮ ವ್ಯವಹಾರ ಇನ್ನೂ ಪೂರ್ತಿ ಮುಗಿದಿಲ್ಲ. ಅಲ್ಲದೆ ಹೀಗೆ ಮಾರುವವರು ಅವರೊಬ್ಬರೇ ಅಲ್ಲ.

ಮೊದಲು ಲ್ಯಾಂಪಿನ ವಿಷಯ. ಡಿಪ್ ಬೆಳಕು ಎರಡೂ ಬದಿಗೆ ಸಮನಾಗಿ ಬೀಳುವುದಿಲ್ಲ. ಎದುರಿನಿಂದ ಬರುವವರ ಕಡೆ ತಗ್ಗಿ, ರಸ್ತೆಯಂಚಿನ ಕಡೆ ಸ್ವಲ್ಪ ಮೇಲಕ್ಕೇರಿರುತ್ತದೆ. ಎಡಬದಿಯಲ್ಲಿ ವಾಹನ ಓಡಿಸುವ ಬ್ರಿಟನ್, ಭಾರತದಂಥ ದೇಶಗಳಲ್ಲಿ ಆ ಏರು ಎಡಕ್ಕಿರಬೇಕು. ಯೂರೋಪಿನ ಉಳಿದ ಬಹುತೇಕ ದೇಶಗಳಲ್ಲಿ ಬಲಕ್ಕೆ. ಯಾವ ಲ್ಯಾಂಪ್ ಯಾವುದಕ್ಕೆ ಎಂದು ತಿಳಿಯಲು ಅದನ್ನು ಉರಿಸಿ ನೋಡುವ ಅಗತ್ಯವೂ ಇಲ್ಲ. ಗಾಜಿನ ಮೇಲೆ ವೃತ್ತದೊಳಗೆ ಇಂಗ್ಲಿಷಿನ ‘ಇ’ ಅಕ್ಷರ ಮತ್ತು ಒಂದು ಸಂಖ್ಯೆ ಇರುತ್ತದೆ (11 ಎಂದರೆ ಬ್ರಿಟನ್, 1 ಜರ್ಮನಿ, 2 ಫ್ರಾನ್ಸ್, ಅದು ಅನುಮೋದನೆ ಕೊಟ್ಟ ದೇಶ, ತಯಾರಿಸಿದ ದೇಶವಲ್ಲ). ಅದರ ಹತ್ತಿರ ಬಾಣದ ಗುರುತನ್ನು ಹುಡುಕಿ. ಲ್ಯಾಂಪಿಗೆ ಎದುರಾಗಿ ನಿಂತಾಗ ಬಾಣ ನಿಮ್ಮ ಬಲಕ್ಕೆ ತೋರಿಸಿದರೆ ಅದು ಎಡಬದಿ ಸಂಚಾರದ ಲ್ಯಾಂಪ್. ಎರಡೂ ಕಡೆ ತಲೆಯಿರುವ ಬಾಣವಾದರೆ ಎರಡಕ್ಕೂ ಸಲ್ಲುತ್ತದೆ. ಬಾಣವೇ ಇಲ್ಲದಿದ್ದರೆ ಬಲಬದಿ ಸಂಚಾರದ್ದು.

ನನಗೆ ಬಂದ ಜೋಡಿಯಲ್ಲಿ ಬಾಣವೇ ಇರಲಿಲ್ಲ. ಗೋಡೆಗೆ ಬೆಳಕು ಬಿಟ್ಟು ನೋಡಿದರೆ ಏರು ಬಲಕ್ಕೆ, ಅಂದರೆ ಎದುರು ಬರುವವರ ಕಣ್ಣಿಗೆ ನೇರ. ದೂರು ಹೇಳಿದಾಗ ಮಾರಿದವರು ಕೊಟ್ಟ ಉಪಾಯ ಕೇಳಿ: ಫ್ರಾನ್ಸಿಗೆ ಪ್ರವಾಸ ಹೋಗುವವರು ಗಾಜಿಗೆ ಅಂಟಿಸುವ ಸ್ಟಿಕ್ಕರ್ ಅಂಟಿಸಿಕೊಳ್ಳಿ! ವಾರದ ಪ್ರವಾಸಕ್ಕೆ ಅದು ಸರಿ, ವರ್ಷವಿಡೀ ಓಡುವ ಕಾರಿಗಲ್ಲ. ಜಗಳವಾಡಿ ಬದಲಿ ಜೋಡಿ ತರಿಸಿಕೊಂಡೆ. ಅದರಲ್ಲಿ ಒಂದಕ್ಕೆ ಬಾಣವಿತ್ತು, ಇನ್ನೊಂದಕ್ಕೆ ಇರಲಿಲ್ಲ. ಗೋದಾಮಿನಲ್ಲಿ ಕೈಗೆ ಸಿಕ್ಕಿದ್ದನ್ನು ಪೆಟ್ಟಿಗೆಗೆ ತುಂಬುತ್ತಾರೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಕೆ?

ಸೆಟ್‌ನೊಂದಿಗೆ ಬಂದ ಬಲ್ಬ್‌ಗಳು ಎಲ್‌ಇಡಿ. ಲ್ಯಾಂಪ್ ಮಾತ್ರ ಎಚ್4 ಹ್ಯಾಲೊಜೆನ್ ಬಲ್ಬಿಗಾಗಿ ಮಾಡಿದ್ದು. ಪ್ರತಿಫಲಕದ ಆಕಾರವನ್ನು ಹ್ಯಾಲೊಜೆನ್ ತಂತಿ ಉರಿಯುವ ಜಾಗಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. ಎಲ್‌ಇಡಿ ಚಿಪ್ ಬೇರೆ ಆಕಾರದ್ದು, ಬೆಳಕು ಚದುರುತ್ತದೆ. 1986ರ ಏಪ್ರಿಲ್ ನಂತರದ ಕಾರುಗಳಲ್ಲಿ ಹ್ಯಾಲೊಜೆನ್ ಲ್ಯಾಂಪಿಗೆ ಎಲ್‌ಇಡಿ ಹಾಕಿದ್ದರೆ ಬ್ರಿಟನ್ನಿನ ವಾರ್ಷಿಕ ಎಂಒಟಿ ತಪಾಸಣೆಯಲ್ಲಿ ಫೇಲ್ ಎಂದು ನಿಯಮವೇ ಇದೆ. ಅವನ್ನು ಪೆಟ್ಟಿಗೆಯಲ್ಲೇ ಬಿಟ್ಟು 60/55 ವ್ಯಾಟಿನ ಸಾಮಾನ್ಯ ಬಲ್ಬ್ ಹಾಕಿದೆ.

ನಿಜವಾದ ಅಧ್ವಾನ ಶುರುವಾದದ್ದು ಕವರಿನಿಂದ. ಜಿಟಿ40ರ ಮೂಗು ತೀರಾ ತಗ್ಗು, ಇಡೀ ಕಾರಿನ ಎತ್ತರವೇ ಸುಮಾರು 40 ಇಂಚು. ಅಲ್ಲಿ ದೀಪದ ಮುಂದಿನ ಕವರ್ ನೆಟ್ಟಗೆ ನಿಲ್ಲುವುದಿಲ್ಲ, ಬಹುಮಟ್ಟಿಗೆ ಮಲಗಿರುತ್ತದೆ. ಹಾಗೆ ಓರೆಯಾದ ಪ್ಲಾಸ್ಟಿಕ್‌ನ ಮೂಲಕ ಬೆಳಕು ಹಾಯುವಾಗ ಏನಾಗುತ್ತದೆ ಎಂದು ಮಾರುವವರು ಯಾರೂ ಹೇಳುವುದಿಲ್ಲ. ಬೆಳಕು ನೇರವಾಗಿ ಬಿದ್ದರೆ ಒಂದೊಂದು ಮೇಲ್ಮೈಯಲ್ಲಿ ಶೇಕಡ 4ರಷ್ಟು ಮಾತ್ರ ಪ್ರತಿಫಲಿಸಿ ಹೋಗುತ್ತದೆ. ಆ ನೇರದಿಂದ 60 ಡಿಗ್ರಿ ಓರೆಯಾದರೆ ಅದು ಸುಮಾರು ಶೇಕಡ 9, 70 ಡಿಗ್ರಿಯಾದರೆ ಶೇಕಡ 17ರ ಹತ್ತಿರ. ಒಳಗೊಂದು ಹೊರಗೊಂದು ಎಂದು ಮೇಲ್ಮೈ ಎರಡು. ಇದರ ಜೊತೆಗೆ ನನ್ನ ಕವರಿನಲ್ಲಿ ಹಾಳೆಯನ್ನು ಬಿಸಿ ಮಾಡಿ ಅಚ್ಚಿಗೆ ಎಳೆದಾಗ ಉಳಿದ ಅಲೆಗಳಿದ್ದವು. ಹಗಲಲ್ಲಿ ಅವು ಕಾಣುವುದೇ ಇಲ್ಲ. ದೀಪ ಹಚ್ಚಿದರೆ ಗೋಡೆಯ ಮೇಲೆ ಡಿಪ್ ಬೆಳಕಿನ ಮೇಲಂಚಿನ ಸ್ಪಷ್ಟ ಗೆರೆ ಮಾಯವಾಗಿ, ಕಲಕಿದ ಮಜ್ಜಿಗೆಯಂತೆ ಚುಕ್ಕೆ ಚುಕ್ಕೆಯಾಗಿ ಹರಡಿತು. ಕವರ್ ತೆಗೆದರೆ ಗೆರೆ ಮತ್ತೆ ಚೂಪು. ಪರೀಕ್ಷಕರು ನೋಡುವುದು ಆ ಗೆರೆಯನ್ನೇ. ಎಂಒಟಿ ತಪಾಸಣೆಯಲ್ಲಿ, ಲ್ಯಾಂಪಿನ ಮಧ್ಯಭಾಗ ನೆಲದಿಂದ 850 ಮಿಲಿಮೀಟರ್ ಒಳಗಿದ್ದರೆ, ಗೆರೆ ಲ್ಯಾಂಪಿನ ಮಟ್ಟಕ್ಕಿಂತ ಶೇಕಡ 0.5ರಿಂದ 2ರಷ್ಟು ತಗ್ಗಿರಬೇಕು; ಅಂದರೆ 10 ಮೀಟರ್ ದೂರದಲ್ಲಿ 5ರಿಂದ 20 ಸೆಂಟಿಮೀಟರ್. ಗೆರೆಯೇ ಕಾಣದಿದ್ದರೆ ಅಳೆಯುವುದು ಏನನ್ನು?

ಅಮೆರಿಕದಲ್ಲಿ ಈ ಕವರುಗಳನ್ನೇ ಒಪ್ಪದ ಕಾಲವೊಂದಿತ್ತು. ಅಲ್ಲಿನ ನಿಯಮಕ್ಕಾಗಿ ಜಾಗ್ವಾರ್ ಇ-ಟೈಪ್ 1967ರಲ್ಲಿ ತನ್ನ ಗಾಜಿನ ಕವರ್ ಕಳಚಿತು. ಚಂದ ಕೆಡಿಸಿದರು ಎಂದು ಬೈದವರಲ್ಲಿ ನಾನೂ ಒಬ್ಬ. ಈಗ ಅಷ್ಟು ಜೋರಾಗಿ ಬೈಯುವುದಿಲ್ಲ.

ಇನ್ನು ಬಿರುಕು. ಮಾರಿದವರ ಸೂಚನಾ ಕಾಗದದಲ್ಲಿ 4 ಮಿಲಿಮೀಟರ್ ಸ್ಕ್ರೂಗೆ 4 ಮಿಲಿಮೀಟರ್ ರಂಧ್ರ ಕೊರೆದು, ತಲೆ ಒಳಗೆ ಕೂರುವ ಸ್ಕ್ರೂ ಹಾಕಿ ಬಿಗಿಯಿರಿ ಎಂದಿತ್ತು. ಅಂಥ ಸ್ಕ್ರೂಗಳನ್ನೇ ಕೊಟ್ಟೂ ಇದ್ದರು. ಕಾಗದದಲ್ಲಿದ್ದಂತೆಯೇ ಮಾಡಿದೆ. ಮೊದಲ ಹಿಮ ಬಿದ್ದ ರಾತ್ರಿ ಕಳೆದು ಗ್ಯಾರೇಜಿಗೆ ಹೋದರೆ ರಂಧ್ರ ರಂಧ್ರದಿಂದಲೂ ನಕ್ಷತ್ರದಾಕಾರದ ಬಿರುಕು. ಲೆಕ್ಕ ಸರಳ: ಅರ್ಧ ಮೀಟರ್ ಉದ್ದದ ಅಕ್ರಿಲಿಕ್ (ಗಾಜಿನಂಥ ಪ್ಲಾಸ್ಟಿಕ್) ಕವರ್ ಚಳಿಗಾಲದ ಸೊನ್ನೆಗಿಂತ ಕೆಳಗಿನ ಚಳಿಯಿಂದ ಬೇಸಿಗೆ ಬಿಸಿಲಿನವರೆಗೆ, 50 ಡಿಗ್ರಿ ವ್ಯತ್ಯಾಸದಲ್ಲಿ, ಸುಮಾರು ಒಂದೂಮುಕ್ಕಾಲು ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ. ಅದರ ಕೆಳಗಿನ ಫೈಬರ್‌ಗ್ಲಾಸ್ ಹಿಗ್ಗುವುದು ಅದರ ಅರ್ಧದಷ್ಟೂ ಇಲ್ಲ. ಕವರಿಗೆ ಅಲುಗಾಡಲು ಜಾಗವೇ ಇಲ್ಲದಿದ್ದರೆ ಒಡೆಯದೆ ಇನ್ನೇನು ಮಾಡೀತು? ರಂಧ್ರ ಸ್ಕ್ರೂಗಿಂತ ಕನಿಷ್ಠ 2 ಮಿಲಿಮೀಟರ್ ದೊಡ್ಡದಿರಬೇಕು, ನಡುವೆ ಗ್ರೋಮೆಟ್ ಎಂಬ ರಬ್ಬರ್ ಉಂಗುರ, ಮೇಲೆ ನೈಲಾನ್ ವಾಷರ್, ಚಪ್ಪಟೆ ತಳವಿರುವ ತಲೆಯ ಸ್ಕ್ರೂ. ಉಕ್ಕಿಗೆ ಬಳಸುವ ಡ್ರಿಲ್ ಬಿಟ್ ಅಕ್ರಿಲಿಕ್‌ನ ಹಿಂಬದಿಗೆ ಬರುವಾಗ ಕಚ್ಚಿ ಎಳೆಯುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಅಗಲವಾಗುವ ಸ್ಟೆಪ್ ಡ್ರಿಲ್ ಬಳಸಿ, ಕೆಳಗೆ ಮರದ ತುಂಡು ಕೊಟ್ಟು, ನಿಧಾನವಾಗಿ ಕೊರೆಯಿರಿ. ಫೈಬರ್‌ಗ್ಲಾಸಿಗೆ ನೇರವಾಗಿ ಸ್ಕ್ರೂ ತಿರುಗಿಸದೆ ರಿವೆಟ್ ನಟ್ (ರಂಧ್ರದಲ್ಲಿ ಕಚ್ಚಿ ಕೂರುವ, ಒಳಗೆ ತಿರುಪಿರುವ ನಟ್) ಕೂರಿಸಿ, ಏಕೆಂದರೆ ದೀಪದ ಕೋನ ಸರಿಪಡಿಸಬೇಕಾದಾಗಲೆಲ್ಲ ಕವರ್ ಬಿಚ್ಚಬೇಕು. ಪೆಟ್ರೋಲ್, ಥಿನ್ನರ್, ಸ್ಪಿರಿಟ್ ಯಾವುದನ್ನೂ ಕವರಿಗೆ ಮುಟ್ಟಿಸಬೇಡಿ. ಸಾಬೂನು ನೀರು ಸಾಕು.

‘ಅತಿಯಾಗಿ ಬಿಗಿದಿದ್ದೀರಿ’ ಎಂದು ಮಾರಿದವರು ಕೈ ತೊಳೆದುಕೊಂಡರು. ಆದರೆ ಅವರ ಜಾಹೀರಾತಿನಲ್ಲಿ ಕವರ್ ಪಾಲಿಕಾರ್ಬೊನೇಟಿನದು, ಅಂದರೆ ಸುಲಭವಾಗಿ ಒಡೆಯದ ಪ್ಲಾಸ್ಟಿಕ್ಕಿನದು ಎಂದಿತ್ತು. ಕತ್ತರಿಸಿ ಉಳಿದ ತುಂಡನ್ನು ಇಕ್ಕಳದಲ್ಲಿ ಹಿಡಿದು ಬಗ್ಗಿಸಿದೆ. ಪಾಲಿಕಾರ್ಬೊನೇಟ್ ಆಗಿದ್ದರೆ ಮಡಚಿಕೊಳ್ಳುತ್ತಿತ್ತು. ಇದು ಟಕ್ಕೆಂದು ಮುರಿಯಿತು, ಶುದ್ಧ ಅಕ್ರಿಲಿಕ್. ಆ ವಿಡಿಯೊ ನನ್ನ ಕೈಯಲ್ಲಿರುವ ಅತ್ಯಂತ ಗಟ್ಟಿಯಾದ ಆಧಾರ.

ಹಣದ ವಿಷಯದಲ್ಲಿ ಬ್ರಿಟನ್ನಿನಲ್ಲಿರುವವರು ತಿಳಿದಿರಬೇಕಾದದ್ದು ಇಷ್ಟು. 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ಪ್ರಕಾರ, ಹೇಳಿದಂತಿಲ್ಲದ ವಸ್ತುವನ್ನು 30 ದಿನಗಳೊಳಗೆ ತಿರಸ್ಕರಿಸಿ ಪೂರ್ತಿ ಹಣ ಕೇಳಬಹುದು. ಕಿಟ್ ಕಾರಿನವರಿಗೆ ಇದೇ ಇಕ್ಕಟ್ಟು, ಸಾಮಾನು ಇಂದು ಬಂದರೆ ಕಾರಿಗೆ ಏರುವುದು ಮುಂದಿನ ವರ್ಷ. ಆದ್ದರಿಂದ ಪೆಟ್ಟಿಗೆ ಬಂದ ದಿನವೇ ತೆರೆದು, ಬಾಣ ನೋಡಿ, ಲ್ಯಾಂಪನ್ನು ಬ್ಯಾಟರಿಗೆ ಜೋಡಿಸಿ, ಕವರನ್ನು ಕಾರಿನಲ್ಲಿ ಕೂರುವ ಓರೆಯಲ್ಲೇ ಕೈಯಲ್ಲಿ ಹಿಡಿದು ಗೋಡೆಯ ಮೇಲಿನ ಬೆಳಕನ್ನು ಪರೀಕ್ಷಿಸಿ. ರಂಧ್ರ ಕೊರೆದ ಮೇಲೆ ವಾಪಸ್ ಕೊಡುವುದು ಮಹಾ ಕಷ್ಟ. ಬೆಲೆ 100 ಪೌಂಡ್ ಮೀರಿದ್ದರೆ ಕ್ರೆಡಿಟ್ ಕಾರ್ಡಿನಲ್ಲೇ ಕೊಡಿ. 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ಬ್ಯಾಂಕೂ ಹೊಣೆಯಾಗುತ್ತದೆ. ಲ್ಯಾಂಪುಗಳ ಹಣ ನನಗೆ ಮರಳಿದ್ದು ಆ ದಾರಿಯಿಂದಲೇ. ಕವರಿನ ಹಣಕ್ಕೆ ಪತ್ರ ವ್ಯವಹಾರ ನಡೆದಿದೆ.

ಊರಿನ ಗೆಳೆಯರು ಬೆಂಗಳೂರಿನಲ್ಲೂ ಇಂಥ ಕಾರು ಕಟ್ಟಬಹುದೇ ಎಂದು ಕೇಳುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿಯ ಕಾರಿನ ಮೂಲ ವಿವರಗಳನ್ನು ಬದಲಿಸುವುದಕ್ಕೇ ಅಡ್ಡ ಬರುತ್ತದೆ, ಇಡೀ ಕಾರಿನ ಮಾತು ದೂರವೇ ಉಳಿಯಿತು. ಆದರೆ ಹಳೆಯ ಕಾರಿಗೆ ವಿದೇಶದಿಂದ ಲ್ಯಾಂಪ್ ತರಿಸುವವರು ಅಲ್ಲೂ ಇದ್ದಾರೆ, ಅವರಿಗೂ ಬಾಣದ ಲೆಕ್ಕ ಇದೇ.

ಮಾರಿದವರ ಜಾಹೀರಾತು ಇಂದಿಗೂ ಇದೆ. ‘ಪಾಲಿಕಾರ್ಬೊನೇಟ್’ ಎಂಬ ಪದ ಈಗ ಅಲ್ಲಿಲ್ಲ, ಕೆಳಗೆ ಸಣ್ಣ ಅಕ್ಷರದಲ್ಲಿ ‘ಪ್ರದರ್ಶನದ ಬಳಕೆಗೆ ಮಾತ್ರ’ ಎಂದು ಸೇರಿಸಿದ್ದಾರೆ. ಅದಕ್ಕೂ ಮೊದಲು ಕೊಂಡವರು ಹಳೆಯ ಜಾಹೀರಾತಿನ ಸ್ಕ್ರೀನ್‌ಶಾಟ್ ನಿಮ್ಮಲ್ಲಿದ್ದರೆ ಜೋಪಾನವಾಗಿಡಿ, ಬ್ಯಾಂಕಿನವರು ಮೊದಲು ಕೇಳುವುದು ಅದನ್ನೇ.