ಅರ್ಧ ಬೆಲೆಯ ಹೆಡ್‌ಫೋನ್ ಮತ್ತು ಕಿವಿ ಕುಶನ್ ಎಂಬ ತಲೆನೋವು

ಹೊಸ ಮಾಡೆಲ್ ಬಂದರೆ ಸಾಕು, ಹಳೆಯದರ ಬೆಲೆ ದಬಕ್ಕನೆ ಬೀಳುತ್ತದೆ. ನಾನು ಕಾಯುತ್ತಿದ್ದದ್ದೂ ಅದಕ್ಕೇ. ಕಿವಿಯನ್ನು ಪೂರ್ತಿ ಮುಚ್ಚುವ, ದೊಡ್ಡ ಕಂಪನಿಯ ನಾಯ್ಸ್ ಕ್ಯಾನ್ಸಲಿಂಗ್ (ಹೊರಗಿನ ಸದ್ದು ತಗ್ಗಿಸುವ) ಹೆಡ್‌ಫೋನ್ ಹೆಚ್ಚುಕಡಿಮೆ ಅರ್ಧ ಬೆಲೆಗೆ ಸಿಕ್ಕಿತು. ಡ್ರೈವರ್ ಅಂದರೆ ಒಳಗಿನ ಪುಟ್ಟ ಸ್ಪೀಕರ್ ಎಷ್ಟು ಮಿಲಿಮೀಟರ್, ಬ್ಯಾಟರಿ ಎಷ್ಟು ಗಂಟೆ, ಇದೆಲ್ಲ ನೀವು ನೋಡಿಯೇ ಇರುತ್ತೀರಿ. ಬಿಡಿ. ಈಗ ಇದರ ಜೊತೆ ನನಗೆ ಎರಡನೇ ಬೇಸಿಗೆ.

ಮೊದಲು ಪ್ರೀತಿಯ ಮಾತು. ಬೆಳಿಗ್ಗೆ ಕೆಲಸಕ್ಕೆ ಕೂರುವಾಗ ನಾನು ಹಾಡು ಹಾಕುವುದಿಲ್ಲ. ಸುಮ್ನೆ ಹೆಡ್‌ಫೋನ್ ಹಾಕಿ ಬಟನ್ ಒತ್ತುತ್ತೇನೆ. ಅರೆಕ್ಷಣ ಏನೂ ಆಗುವುದಿಲ್ಲ. ಆಮೇಲೆ ಫ್ಯಾನಿನ ಗುಂಯ್ ಸದ್ದು ನೆಲಕ್ಕೆ ಇಳಿದುಹೋಗುತ್ತದೆ. ಅಲ್ಲಿಯವರೆಗೆ ಅದು ಅಷ್ಟು ಜೋರಾಗಿತ್ತು ಅಂತಲೇ ಗೊತ್ತಿರುವುದಿಲ್ಲ ನೋಡಿ. ಕನ್ನಡಕದ ಕಡ್ಡಿಯನ್ನು ಸ್ವಲ್ಪ ಮೇಲೆತ್ತಿ, ಕುಶನ್ ಅದರ ಸುತ್ತ ಸರಿಯಾಗಿ ಕೂರುವ ಹಾಗೆ ಮಾಡುತ್ತೇನೆ. ಆಗ ಇನ್ನೊಂದು ಪದರ ಸದ್ದು ಹೋಗುತ್ತದೆ. ಅಷ್ಟಾದ ಮೇಲೇ ಲ್ಯಾಪ್‌ಟಾಪ್ ತೆರೆಯುವುದು. ಹಾಡು, ಪಾಡ್‌ಕಾಸ್ಟ್ ಎಲ್ಲ ಆಮೇಲಿನ ಮಾತು.

ಎಲ್ಲ ಸದ್ದೂ ಹೋಗುತ್ತದೆ ಅಂತ ಮಾತ್ರ ನಂಬಬೇಡಿ. ಹೊರಗಿನ ಸದ್ದನ್ನು ಹೆಡ್‌ಫೋನ್ ತನ್ನ ಮೈಕ್‌ನಿಂದ ಕೇಳಿಸಿಕೊಂಡು, ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಕಿವಿಗೆ ಬಿಡುತ್ತದೆ. ಒಂದೇ ಸಮ ಬರುವ ಕೆಳಸ್ವರದ ಸದ್ದಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಬೋಸ್ ಕಂಪನಿ 1989ರಲ್ಲಿ ಇಂಥ ಹೆಡ್‌ಸೆಟ್ ಮಾರಿದ್ದು ವಿಮಾನದ ಪೈಲಟ್‌ಗಳಿಗೆ. ಎಂಜಿನ್ ಸದ್ದಿಗೆ ಹುಟ್ಟಿದ ವಿದ್ಯೆ ಇದು. ಬಸ್ಸು, ಏಸಿ, ಫ್ಯಾನು, ಇವಕ್ಕೆಲ್ಲ ಸೈ. ಪಕ್ಕದ ಕೋಣೆಯ ಮಾತು, ನಾಯಿ ಬೊಗಳುವುದು, ಹಾರ್ನು ಮಾತ್ರ ಒಳಗೆ ಬಂದೇ ಬರುತ್ತವೆ. ಅವನ್ನು ತಡೆಯುವ ಕೆಲಸ ಬಹುಪಾಲು ಕುಶನ್‌ನದ್ದು.

ನನ್ನ ಗೋಳೂ ಅದೇ ಕುಶನ್.

ಮೊದಲ ಬೇಸಿಗೆ ಮುಗಿಯುವಷ್ಟರಲ್ಲಿ ಕಿವಿಯ ಹಿಂದೆ ಕಪ್ಪು ಚೂರುಗಳು ಅಂಟತೊಡಗಿದವು. ಅಂಗಿಯ ಕಾಲರ್ ಮೇಲೂ ಅದೇ. ಈ ಕುಶನ್‌ಗಳಿಗೆ ಹೊದಿಸುವುದು ನಿಜವಾದ ಚರ್ಮವಲ್ಲ, ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್. ಬೆವರು, ಸೆಖೆ, ತೇವ ಸೇರಿದರೆ ಅದು ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ನೋಡಲು ಕೆಟ್ಟದಾಗಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಆದರೆ ಒಳಗಿನ ಸ್ಪಂಜು ಕೂಡ ಚಪ್ಪಟೆಯಾಗಿ, ಕಿವಿಯ ಸುತ್ತ ಸಂದಿ ಬಿಟ್ಟಿತು. ಸಂದಿ ಬಿಟ್ಟರೆ ಫ್ಯಾನಿನ ಸದ್ದು ವಾಪಸ್ಸು, ಹಾಡಿನ ಬೇಸ್ ಹೊರಗೆ. ಅಪ್‌ಡೇಟ್ ಮಾಡಿದ ಮೇಲೆ ನಾಯ್ಸ್ ಕ್ಯಾನ್ಸಲಿಂಗ್ ಹಾಳಾಯಿತು ಅಂತ ತುಂಬ ಜನ ಬೈಯುತ್ತಾರೆ, ಅಲ್ವಾ? ಬೈಯುವ ಮುಂಚೆ ಎರಡೂ ಕಪ್‌ಗಳನ್ನು ಅಂಗೈಯಿಂದ ಮೆಲ್ಲಗೆ ಒತ್ತಿ ನೋಡಿ. ಸದ್ದು ಇಳಿದರೆ ತಪ್ಪು ಕುಶನ್‌ನದ್ದು ಎಂದೇ ಲೆಕ್ಕ.

ಸರ್ವಿಸ್ ಸೆಂಟರ್‌ನವರನ್ನು ಕೇಳಿದೆ. ಕುಶನ್ ಸವೆಯುವ ವಸ್ತು ಸರ್, ವಾರಂಟಿಗೆ ಬರಲ್ಲ ಅಂದರು. ಸರಿ, ದುಡ್ಡು ಕೊಡ್ತೀನಿ ಅಂದೆ. ಈ ಮಾಡೆಲ್‌ನದ್ದು ಈಗ ಬರ್ತಾ ಇಲ್ಲ ಅಂದರು. ಹಳೆಯ ಮಾಡೆಲ್ ಅಂತ ಅರ್ಧ ಬೆಲೆಗೆ ಕೊಟ್ಟವರೇ ಹಳೆಯ ಮಾಡೆಲ್ ಅಂತ ಬಿಡಿಭಾಗ ಇಲ್ಲ ಅನ್ನುತ್ತಾರೆ! ಡಿಸ್ಕೌಂಟ್ ಹಾಕುವ ಪುಟದಲ್ಲಿ ಈ ಮಾತು ಎಲ್ಲೂ ಇರಲಿಲ್ಲ. ಒಳಗಿನ ಯಂತ್ರ ಗಟ್ಟಿಮುಟ್ಟಾಗಿದೆ, ಬ್ಯಾಟರಿ ಇವತ್ತಿಗೂ ವಾರಪೂರ್ತಿ ಬರುತ್ತದೆ. ಅಂಗೈಯಷ್ಟು ಸ್ಪಂಜಿಗಾಗಿ ಇಡೀ ಹೆಡ್‌ಫೋನ್ ಎಸೆಯಬೇಕಾ?

ಕೊನೆಗೆ ಬೇರೆಯವರು ಮಾಡಿದ ಕುಶನ್ ತರಿಸಿದೆ. ಮೊದಲ ಜೊತೆ ಬಲು ದಪ್ಪ, ಬಲು ಮೆತ್ತಗೆ. ಹಾಕಿಕೊಂಡರೆ ಸುಖವೋ ಸುಖ. ಸದ್ದು ಮಾತ್ರ ಮಸುಕು, ನಾಯ್ಸ್ ಕ್ಯಾನ್ಸಲಿಂಗ್ ಕಾಲುಭಾಗವೂ ಇಲ್ಲ. ಕಾರಣ ಇದೆ. ಒಳ್ಳೆಯ ಹೆಡ್‌ಫೋನ್‌ಗಳಲ್ಲಿ ಕಿವಿಯ ಕಪ್‌ನ ಒಳಗೂ ಒಂದು ಮೈಕ್ ಇರುತ್ತದೆ. ಕಿವಿಗೂ ಅದಕ್ಕೂ ನಡುವೆ ಇಷ್ಟೇ ಜಾಗ ಎಂದು ಲೆಕ್ಕ ಹಾಕಿ ಅದನ್ನು ಹೊಂದಿಸಿರುತ್ತಾರೆ. ಕುಶನ್ ದಪ್ಪವಾದರೆ ಆ ಲೆಕ್ಕ ತಪ್ಪುತ್ತದೆ. ಮೂಲದಷ್ಟೇ ಎತ್ತರದ ಇನ್ನೊಂದು ಜೊತೆ ಹಾಕಿದ ಮೇಲೆ ಫ್ಯಾನು ಮತ್ತೆ ಮಾಯವಾಯಿತು. ಅವತ್ತು ನನ್ನ ಸಿಟ್ಟೂ ಅರ್ಧ ಇಳಿಯಿತು ಅನ್ನಿ. ಹಳೆಯದನ್ನು ಕಿತ್ತು ಹೊಸದನ್ನು ಕೂರಿಸುವುದು ಐದು ನಿಮಿಷದ ಕೆಲಸ. ಅಂಟಿಲ್ಲ, ಸ್ಕ್ರೂ ಇಲ್ಲ, ಕೊಕ್ಕೆ ಮಾತ್ರ. ಇಷ್ಟು ಸುಲಭವಾಗಿ ಬಿಚ್ಚಲು ಬರುವಂತೆ ಮಾಡಿದವರು ಬಿಡಿಭಾಗವನ್ನೂ ಮಾರಬಹುದಿತ್ತು.

ಇನ್ನೊಂದು ಸಣ್ಣ ಕಿರಿಕಿರಿ. ಲ್ಯಾಪ್‌ಟಾಪ್‌ನಲ್ಲಿ ಮೀಟಿಂಗ್ ಶುರುವಾದ ಕೂಡಲೇ ಧ್ವನಿ ಹಳೆಯ ಲ್ಯಾಂಡ್‌ಲೈನ್ ಥರ ಆಗುತ್ತದೆ. ಇದು ಈ ಹೆಡ್‌ಫೋನ್ ಒಂದರದ್ದೇ ರೋಗವಲ್ಲ. ಮಾಮೂಲಿ ಬ್ಲೂಟೂತ್‌ನಲ್ಲಿ ಮೈಕ್ ಆನ್ ಆದರೆ ಸಂಗೀತದ ದಾರಿ ಬಿಟ್ಟು ಕರೆಯ ದಾರಿ ಹಿಡಿಯುತ್ತದೆ, ಗುಣಮಟ್ಟ ಇಳಿಯುತ್ತದೆ. ನಾನು ಮೀಟಿಂಗ್‌ಗೆ ಲ್ಯಾಪ್‌ಟಾಪಿನ ಮೈಕನ್ನೇ ಆರಿಸಿಕೊಳ್ಳುತ್ತೇನೆ, ಕೇಳುವುದು ಮಾತ್ರ ಇದರಲ್ಲಿ.

ಕಡಿಮೆ ಬೆಲೆಗೆ ಹುಡುಕುವವರು ಒಂದನ್ನು ಗಮನಿಸಿ. ಇಎನ್‌ಸಿ ಎಂದು ಬರೆದದ್ದನ್ನು ಎಎನ್‌ಸಿ, ಅಂದರೆ ನಾನು ಇಷ್ಟು ಹೊತ್ತು ಹೇಳಿದ ನಾಯ್ಸ್ ಕ್ಯಾನ್ಸಲಿಂಗ್, ಎಂದು ಓದಿಕೊಳ್ಳಬೇಡಿ. ಇಎನ್‌ಸಿ ಇರುವುದು ಕರೆಯ ಆ ಕಡೆಯವರಿಗೆ ನಿಮ್ಮ ಸುತ್ತಲಿನ ಗದ್ದಲ ಕೇಳದಿರಲಿ ಅಂತ. ನಿಮ್ಮ ಕಿವಿಗೆ ಅದರಿಂದ ಏನೂ ಇಲ್ಲ. ಬೆಲೆ ಇಳಿದ ಹಳೆಯ ಸ್ಟಾಕ್ ಆದರೆ ಪೆಟ್ಟಿಗೆಯ ಮೇಲಿನ ತಯಾರಿಕೆಯ ತಿಂಗಳು ನೋಡಿ. ಲಿಥಿಯಂ ಬ್ಯಾಟರಿ ಗೋದಾಮಿನಲ್ಲಿ ಕೂತಿದ್ದರೂ ಮುದಿಯಾಗುತ್ತದೆ.

ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತಿದ್ದೇನೆ. ಪೂರ್ತಿ ಬೆಲೆ ಕೊಟ್ಟು ತಂದಿದ್ದರೆ ಎರಡು. ಇದೇ ಕಂಪನಿಯ ಈಗಿನ ಮಾಡೆಲ್‌ಗೂ ರಿಯಾಯಿತಿ ಶುರುವಾಗಿದೆ, ಆ್ಯಪ್ ದಿನಾ ನೆನಪಿಸುತ್ತಿದೆ. ಅದರ ಕುಶನ್ ಬಿಡಿಯಾಗಿ ಸಿಗುತ್ತದಾ ಅಂತ ಕೇಳಿ ಸರ್ವಿಸ್ ಸೆಂಟರ್‌ಗೆ ಮೇಲ್ ಹಾಕಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.